ಗಿರಣಿ ಮುಂದಿನ ಹಲಗಿ

ಹನ್ನೊಂದು ವರ್ಷ ಆತು.
ಜೋರಾಪುರ ಪೇಠದ ನಮ್ಮ ಹಿಟ್ಟಿನ ಗಿರಣಿ ಮುಂದ
ಒಂದು ಕರೀ ಹಲಗಿ. ಅದರ ಮ್ಯಾಲ
ದಿನಾ ಮುಂಜಾನೆ ನಾ ಬರಿಯೋ ಒಂದು ಮಾತು.
ಜ್ವಾಳದ ಡಬ್ಬಿ ಇಟ್ಟು ಪಾಳಿ ಹಚ್ಚಿದವರು
ಬ್ಯಾರೆ ಕೆಲಸ ಇಲ್ಲದ್ದಕ್ಕ ಓದತಾರ.

ಮೊದಲೆರಡು ವರ್ಷ ಮಾತು ತಾವಾಗೇ ಬಂದವು,
ಬಿಸಿಲಿಗೆ ಸಿಡಿಯೋ ತೊಗರಿಕಾಯಿ ಹಂಗ.
ಆಮ್ಯಾಲ ಕ್ಯಾಲೆಂಡರಿನ ಹಿಂಬದಿಯಿಂದ ತಂದೆ,
ಲಗ್ನಪತ್ರದಿಂದ, ಲಾರಿ ಬೆನ್ನಿಂದ.
‘ತಾಳ್ಮೆಯೇ ತಪಸ್ಸು’ ನಾಕು ಸಲ ಬರದೀನಿ.
ನಾಕನೇ ಸಲಕ್ಕ ಇಂಗಳೇಶ್ವರ ಮಾಸ್ತರು
ಚೀಲ ಕೆಳಗಿಟ್ಟು ಅಂದರು:
‘ಗೋಳಗುಮ್ಮಟದಾಗ ಒದರಿದ್ದು ಏಳು ಸಲ ತಿರುಗಿ ಬರ್ತದ.
ನಿಂದು ಇನ್ನೂ ಮೂರು ಬಾಕಿ ಅದ. ನಡೀಲಿ.’

ಈ ಸಲ ಶ್ರಾವಣ ಮುಗಿಯೋದ್ರಾಗ ಎಲ್ಲಾ ಖಾಲಿ.
ಖಡು ಹಿಡಕೊಂಡು ನಿಂತೆ.
ದಿನಾಂಕ ಬರದೆ. ವಾರ ಬರದೆ.
ಕೆಳಗ ಒಂದು ಗೆರಿ ಎಳದೆ,
ನೆಟ್ಟಗಿಲ್ಲಂತ ಅಳಿಸಿ ಮತ್ತೊಂದು ಎಳದೆ.
ಅಷ್ಟೊತ್ತಿಗೆ ಗಿರಾಕಿ ಬಂತು, ಬಚಾವಾದೆ.

ಹೆಂಡತಿ ಅಂದಳು, ‘ಒಂದಿನ ಬರೀದಿದ್ರ
ಯಾರ ಮನಿ ಒಲಿ ಆರ್ತದ?’
ಆರೂದಿಲ್ಲ.
ಅದೇ ನೋಡ್ರಿ ಸಂಕಟ.

ಅವತ್ತ ಗಿರಣಿನೂ ಕೈ ಕೊಟ್ಟಿತು.
ಕಲ್ಲು ತಿರಗತಿತ್ತು, ಸಪ್ಪಳ ಇತ್ತು, ಪಟ್ಟಾ ಬಿಗಿ ಇತ್ತು,
ಹಿಟ್ಟು ಮಾತ್ರ ಕೈ ಸುಡಾಕತ್ತಿತ್ತು, ಬರೇ ನುಚ್ಚು.
‘ರೊಟ್ಟಿ ಹರೀತಾವೋ’ ಅಂತ ನೀಲಗಂಗವ್ವ
ನಿನ್ನಿ ಒಯ್ದ ಹಿಟ್ಟು ತಂದು ನನ್ನ ಮುಂದ ಸುರುವಿದಳು.

ದುರ್ಗವ್ವನ್ನ ಕರಸಿದೆ.
ಬೀಸೂಕಲ್ಲಿಗೆ ಮುಳ್ಳು ಹಾಕೂ ಮನೆತನ.
ಅವರವ್ವ ಓಣಿ ಓಣಿ ಕೂಗಿ ಹೋಗತಿದ್ದಳಂತ,
ಈಕಿ ಗ್ವಾಡಿ ಮ್ಯಾಲ ಮೊಬೈಲ್ ನಂಬರ್ ಬರದು ಹೋಗ್ಯಾಳ.
ಮ್ಯಾಲಿನ ಕಲ್ಲು ಎತ್ತಿ ಮಗ್ಗಲಾಗಿಟ್ಟು
ಅಂಗೈಲೆ ಸವರಿ ನಕ್ಕಳು:
‘ಕನ್ನಡಿ ಆಗ್ಯಾದ ಅಣ್ಣಾ. ಮಾರಿ ನೋಡಕೋ.’

ಚಾಣ ಕಟ್ ಕಟ್ ಅಂತಿತ್ತು.
ನಾ ಹೊರಗ ಕಟ್ಟಿ ಮ್ಯಾಲ ಕುಂತೆ, ಕೈಯಾಗ ಕೆಲಸಿಲ್ಲ.
ಹನ್ನೊಂದು ವರ್ಷದಾಗ ಮೊದಲ ಸಲ
ಮೋಟಾರಿಲ್ಲದ ಹಗಲಿನ್ಯಾಗ ನಮ್ಮ ಓಣಿ ಕೇಳಿದೆ.
ಟಾಂಗಾದ ಕುದುರಿ ಎರಡು ಸಲ ಸೀನಿತು.
ಮೌಲಾಲಿ ಹುಡುಗ ಹದಿನೇಳರ ಮಗ್ಗಿ ಹತ್ತತಿದ್ದ,
ಏಳಲೆ ಅಂಬೋದಕ್ಕ ಬಂದು ಕಾಲು ಜಾರಿ
ಮತ್ತ ಒಂದರಿಂದ.
ಎದುರು ಮನಿ ಜೈತುನಬಿ
ಮೆಣಸಿನಕಾಯಿ ತೊಟ್ಟು ಮುರಕೋತ ಫೋನಿನ್ಯಾಗ ಅಂದಳು:
‘ಸಿಟ್ಟು ಬಂದಾದ ಖರೆ.
ಉಂಡು ಆಮ್ಯಾಲ ಮಾಡತೀನಿ, ಇಡು.’

ನೀಲಗಂಗವ್ವ ಇನ್ನೂ ಹೋಗಿರಲಿಲ್ಲ.
‘ನನ್ನ ಹಸರು ಮುಚ್ಚಳದ ಡಬ್ಬಿ ಯಾರೋ ಬದಲಿ ಒಯ್ದಾರ.
ಹಲಗಿ ಮ್ಯಾಲ ಬರಿ.
ಸುಳ್ಳಸುಳ್ಳ ಏನೇನೋ ಬರೀತಿ, ಇದನ್ನಟ ಬರಿ.’
ಬರದೆ. ತಂದವರಿಗೆ ಚಹಾ ಅಂತ ನಾನೇ ಸೇರಿಸಿದೆ.

ಸಂಜಿಗೆ ಮೂರು ಡಬ್ಬಿ ಬಂದವು.
ಒಂದೂ ಆಕಿದಲ್ಲ.
ಒಬ್ಬಾಕಿ ತನ್ನ ತೀರಿಹೋದ ತಂಗೀದು ತಂದಿದ್ದಳು,
‘ಹಸರು ಅಂತ ಬರದಿದ್ರಲ್ಲ, ಅದಕ್ಕ’ ಅಂದಳು.
ಎರಡು ವರ್ಷದಿಂದ ತಗದಿರದ ಮುಚ್ಚಳ
ಅಲ್ಲೇ ಕಟ್ಟಿ ಮ್ಯಾಲ ಕುಂತು ತಗದಳು.
ಒಳಗ ಹುಳಾ ಬಿದ್ದ ಗೋಧಿ.
ಯಾರೂ ಏನೂ ಅನಲಿಲ್ಲ.
ನೀಲಗಂಗವ್ವ ಮರ ತಂದು ಹಸನ ಮಾಡಾಕ ಕುಂತಳು.
ಚಹಾ ಆರಿತು, ಮತ್ತ ಕಾಸಿದ್ವಿ.

ದುರ್ಗವ್ವ ರೊಕ್ಕ ಎಣಿಸಿಕೊಂಡು ಹೋಗುವಾಗ ಹೇಳಿದಳು:
‘ಮೊದಲ ಹಿಟ್ಟು ಯಾರಿಗೂ ಕೊಡಬ್ಯಾಡ್ರಿ, ಹಳ್ಳು ಬರ್ತಾವ.
ಒಂದೆರಡು ಸೇರು ಸುಮ್ನ ಬೀಸಿ ಚೆಲ್ಲಿಬಿಡ್ರಿ.’

ಮರುದಿನ ಮೂರು ಮಾತು ಬರದು ಅಳಿಸಿದೆ.
ನಾಕನೇದು ಉಳಿಸಿದೆ:
‘ಸಿಟ್ಟು ಮಾಡೂದಿದ್ರ ಉಂಡು ಮಾಡ್ರಿ.’

ಮಾಸ್ತರು ಓದಿ ಕಾಗುಣಿತ ನೋಡಿದರು, ತಪ್ಪಿರಲಿಲ್ಲ,
ಚಿಂತಿ ಮಾಡಕೋತ ಪಾಳಿಗೆ ನಿಂತರು.
ಜೈತುನಬಿ ಹೊಸ್ತಿಲಿಂದ ಓದಿದಳು,
ನನ್ನ ಕಡೆ ಒಂದು ಸಲ ನೋಡಿ
ಧಡ್ ಅಂತ ಬಾಗಲಾ ಹಾಕಿದಳು.

ಉಂಡಿರಬೇಕು.