ಕಚ್ಚಾ ಹೊಲಿಗೆ

ಬಳ್ಳಾರಿ, ಕೌಲ್ ಬಜಾರಿನ ಒಂದು ಸಂದಿ.
ಕೆಳಗೆ ವಾಶಿಂಗ್, ಮೇಲೆ ನಾವು.
ಹದಿನಾಲ್ಕು ಮಿಷನ್ನು, ಒಂದು ಓವರ್‌ಲಾಕು,
ಈಗ ಮೂಲೆಯಲ್ಲೊಂದು ಕಂಪ್ಯೂಟರು.
ಧೂಳು ಕೂರಬಾರದೆಂದು
ರಿಜೆಕ್ಟಾದ ಪ್ಯಾಂಟಿನ ಕಾಲು ಕತ್ತರಿಸಿ
ನಾನೇ ಹೊಲಿದ ಮುಸುಕು ಹೊದ್ದು ಕೂತಿದೆ.

"ಇನ್ನ ಫೋನಿಲ್ಲ ಹುಲಿಗೆಮ್ಮ,
ಆರ್ಡರು, ಅಳತಿ, ತಕರಾರು, ಎಲ್ಲಾ ಮೇಲಿನಾಗ"
ಅಂದು ಸಾವ್ಕಾರ್ರು ಊಟಕ್ಕೆ ಹೋದರು.
ಮೇಲೇ ಇದ್ದೀವಲ್ಲ ಅಂತ
ನಾನು ತಗಡಿನ ಸೂರು ನೋಡಿದೆ.

ಕಲಿಸುವವಳು ಗೌಸಿಯಾ, ಚೆಕಿಂಗ್ ಟೇಬಲ್ಲಿನ ಹುಡುಗಿ.
ದಾರದ ತುದಿ ಕತ್ತರಿಸುವ ಪುಟ್ಟ ಕತ್ತರಿ
ಇನ್ನೂ ಹೆಬ್ಬೆರಳಲ್ಲೇ.
"ಮೊದಲು ಪಾಸ್‌ವರ್ಡು ಅಕ್ಕ. ಯಾರಿಗೂ ಹೇಳಬಾರದು.
ನನಗೂ."
ಹದಿನೇಳು ಜನ ಒಬ್ಬರ ಬುತ್ತಿ ಒಬ್ಬರು ಉಣ್ಣುವಲ್ಲಿ
ಯಾರಿಗೂ ಹೇಳದ್ದು ನನ್ನ ಹತ್ತಿರ ಏನಿದೆ?
ತುಂಬ ಹೊತ್ತು ಕೂತು
ಒಂದು ಹೆಸರು ಒತ್ತಿದೆ.
ದುರ್ಬಲ, ಎಂದಿತು ಪರದೆ, ಕೆಂಪಗೆ.
ಅದರ ಹಿಂದೆ ಸೂಜಿಯ ನಂಬರು ಸೇರಿಸಿದೆ, ಹದಿನೆಂಟು,
ಜೀನ್ಸಿನ ನಾಲ್ಕು ಪದರ ದಾಟುವ ಸೂಜಿ.
ಈಗ ಗಟ್ಟಿಯಂತೆ.

"ಇದೇನೇ, ಬಾಬಿನ್ನಿಗೆ ದಾರ ಸುತ್ತಿದಂಗ ಐತಿ?"
"ಆಟ್ ಅದು. ಈ ಕಡೆ ಹೆಸರು, ಆ ಕಡೆ ಮನಿ."
ಸಿಸಿ ಅಂದರೆ ಕಾರ್ಬನ್ ಕಾಪಿ ಅಂದಳು,
ಕಾರ್ಬನ್ ಹಾಳೆ ತಾನು ಕಂಡೇ ಇಲ್ಲವಂತೆ.
ನಾನು ಕಂಡಿದ್ದೆ.
ಬಟ್ಟೆ ಅಂಗಡಿಯಲ್ಲಿ ರಸೀದಿ ಬರೆಯುವಾಗ
ನಡುವೆ ಇಟ್ಟು, ಒತ್ತಿ, ಕೆಳಗಿನ ಹಾಳೆಗೂ ಇಳಿಯುವಂತೆ.
ಈ ಕೆಲಸಕ್ಕೆ ಬರುವ ಮೊದಲೇ
ನನ್ನ ಬೆರಳು ನೀಲಿ ಇದ್ದವು ಕಣೆ, ಅಂದೆ.
ಅವತ್ತು ಅಷ್ಟೊಂದು ನಾನೂ ಕಲಿಸಿದೆ.

ಬಿಸಿಸಿ ಒಳಜೇಬು ಇದ್ದಂಗ ಅಂದಳು.
ನನಗದು ಹಿಡಿಸಲಿಲ್ಲ.
ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುವವರಿಗೆ
ನಾನ್ಯಾಕೆ ಮಣೆ ಹಾಕಲಿ?
ಆ ಗೆರೆ ಇವತ್ತಿಗೂ ಖಾಲಿ.

ಬರೆದು ಕಳಿಸದೆ ಇಟ್ಟರೆ ಡ್ರಾಫ್ಟು.
"ಕಚ್ಚಾ ಹೊಲಿಗೆ ಅನ್ನು" ಅಂದೆ.
ನಕ್ಕಳು. ಸಂಜೆಯೊಳಗೆ
ಹದಿನಾಲ್ಕು ಮಿಷನ್ನೂ ಹಾಗೇ ಅನ್ನತೊಡಗಿದವು.

ಮೊದಲ ಪತ್ರಕ್ಕೆ ಮೂರು ಸಲ ಕರೆಂಟು ಹೋಯಿತು.
ಫೋಟೋ ಲಗತ್ತಿಸಿದೆ ಎಂದು ಬರೆದೆ, ಲಗತ್ತಿಸಲಿಲ್ಲ.
ಎರಡನೆಯದು ಅದಕ್ಕಿಂತ ಚೆಂದ.
ಹುಬ್ಬಳ್ಳಿ ಕಂಪನಿಯ ಆರ್ಡರು ಬಂದಿತ್ತು:
ಸೊಂಟ ಮೂವತ್ತಾರು, ಸೀಟು ಮೂವತ್ತೆರಡು.
"ಇಂಥ ಮನುಷ್ಯ ಎಲ್ಲಿದ್ದಾನವ್ವ?
ಬರೆದವನಿಗೆ ಟೇಪು ಹಿಡಿಯೋಕೂ ಬರಲ್ಲ"
ಎಂದು ಗೌಸಿಯಾಗೆ, ಗೌಸಿಯಾಗೆ ಮಾತ್ರ,
ಬರೆದು
ಒಂದು ಬಾಣದ ಬದಲು ಎರಡು ಬಾಣದ್ದು ಒತ್ತಿದೆ.

ತಪ್ಪಿದ ಹೊಲಿಗೆ ಬಿಚ್ಚಬಹುದು,
ಹಲ್ಲಲ್ಲಿ ಕಚ್ಚಿ ಎಳೆದರೂ ಬರುತ್ತದೆ.
ಇಲ್ಲೂ ಮೂಲೆಯಲ್ಲಿ ರದ್ದು ಎಂಬ ಪದ ಬಂತು ನಿಜ.
ನಾನು ಕನ್ನಡಕ ಹುಡುಕುವಷ್ಟರಲ್ಲಿ
ಅದು ಹೋಗಿತ್ತು.

ಆ ಮಧ್ಯಾಹ್ನ ಉಣ್ಣಲಿಲ್ಲ.
ಕೆಳಗೆ ವಾಶಿಂಗಿನ ಡ್ರಮ್ಮು ತಿರುಗುತ್ತಿತ್ತು,
ಪ್ಯಾಂಟುಗಳ ಜೊತೆ ಕಲ್ಲು, ಕಲ್ಲಿನ ಜೊತೆ ನಾನು.

ನಾಲ್ಕಕ್ಕೆ ಉತ್ತರ.
"ಅದಲುಬದಲಾಗಿದೆ. ಸೀಟೇ ಮೂವತ್ತಾರು.
ಟೇಪು ಹಿಡಿಯಲು ಬರುತ್ತದೆ ಮೇಡಂ,
ಟೈಪು ಮಾಡಲು ಬರುವುದಿಲ್ಲ.
ನಾಗವೇಣಿ ಬಡಿಗೇರ, ಕೆಲಸಕ್ಕೆ ಸೇರಿ ಮೂರು ದಿನ."
ಸಿಸಿಯಲ್ಲಿ ಸಾವ್ಕಾರ್ರಿಲ್ಲ.
ಯಾರೋ ಮೆಲ್ಲಗೆ ತೆಗೆದಿದ್ದರು.

ಈಗ ದಿನಾ ಒಂಬತ್ತೂವರೆಗೆ ಮುಸುಕು ತೆಗೆಯುತ್ತೇನೆ.
ಇಪ್ಪತ್ತು ವರ್ಷ ಬಾಯಿಗೆ ಬಾರದ ಆ ಹೆಸರನ್ನು
ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತೇನೆ.
ಪರದೆಯ ಮೇಲೆ ಬರೀ ಚುಕ್ಕಿ.
ಕೀಲಿಗಳಲ್ಲಿ ಮಾತ್ರ
ನಾಲ್ಕೈದು ಅಕ್ಷರ ಉಳಿದವಕ್ಕಿಂತ ನೀಲಿ.

ಶನಿವಾರ ಗೌಸಿಯಾ ಎಲ್ಲ ಒರೆಸುತ್ತಾಳೆ.
ಅಲ್ಲಿಗೆ ಬಂದಾಗ
ಕಿಟಕಿಯ ಕಡೆ ನೋಡುತ್ತಾಳೆ.