ಗುಂಡು ಹೊರಗಿದ್ದಾಗ

ಕುಳೆಂ ಸ್ಟೇಶನ್ನಿನ ಹಿಂದೆ, ಹಳೆಯ ಮೀಟರ್ ಗೇಜಿನ
ಅಳಿದುಳಿದ ಮುನ್ನೂರು ಗಜ ಹಳಿಯ ಪಕ್ಕ
ಒಂದು ತಗಡಿನ ಶೆಡ್ಡು. ಆದಿತ್ಯವಾರ ಒಂಬತ್ತಕ್ಕೆ ಬೀಗ ತೆಗೆಯುತ್ತೇವೆ.
ನಾವೆಂದರೆ ಐದು ಜನ, ಮಳೆ ಹಿಡಿದರೆ ಮೂರು.

ನಾನು ವಾಸ್ಕೋದಲ್ಲಿ ಮೊಬೈಲ್ ರಿಪೇರಿಯವನು.
ವಾರವೆಲ್ಲ ಒಡೆದ ಗಾಜು, ಉಬ್ಬಿದ ಬ್ಯಾಟರಿ,
ಇರುವೆಯ ಕಾಲಿನಷ್ಟು ಬೆಸುಗೆ.
ಇಲ್ಲಿಯ ಫೋನನ್ನು ಎರಡೂ ಕೈಯಲ್ಲಿ ಎತ್ತಬೇಕು,
ಹಸುಗೂಸಿನಂತೆ, ಕುತ್ತಿಗೆಗೆ ಆಸರೆ ಕೊಟ್ಟು.

ಮೊದಲ ದಿನ ಬಿಚ್ಚಿದರೆ ಬಾಯೊಳಗೆ
ಕಣಜ ಕಟ್ಟಿದ ಮಣ್ಣಿನ ಗೂಡು.
"ಕೊನೆಯ ಮಾತು ಇದರದ್ದೇ" ಎಂದ ಆನ್ಸೆಲ್ಮ್ ರೆಬೆಲೊ,
ಕೆರೆದು ತೆಗೆದು, ಬಿಸಾಡಲು ಮನಸ್ಸಾಗದೆ
ಕಿಟಕಿಯ ಅಂಚಿಗಿಟ್ಟ. ಈಗಲೂ ಅಲ್ಲೇ ಇದೆ.

ಗಂಟೆಯ ಸುರುಳಿ ಸುಟ್ಟಿತ್ತು.
ಕೂದಲೆಳೆಯ ತಾಮ್ರ, ಎರಡು ಸಾವಿರದ ನಾನೂರು ಸುತ್ತು.
ಸಾವರ್ಡೆಯಲ್ಲಿ ಜಂಪರು ಹೊಲಿಯುವ ಜೈತುನಬಿ
ತನ್ನ ಮಶೀನಿನ ಬಾಬಿನ್ ಗಾಲಿಗೆ ಅದನ್ನು ಸಿಕ್ಕಿಸಿ
ಮೆಟ್ಟುತ್ತ ಹೋದಳು, ಹುಬ್ಬಳ್ಳಿಯ ರಾಗದಲ್ಲಿ ಎಣಿಸುತ್ತ.
ಅವಳ ಕಾಲು ಸೋತಾಗ ವೆರೇಕರ ಕೊಂಕಣಿಯಲ್ಲಿ ಮುಂದುವರಿಸಿದ.
ಸಾವಿರದ ನೂರಾ ನಲವತ್ಮೂರಕ್ಕೆ ಚಹಾ ಬಂತು.
ಲೆಕ್ಕ ತಪ್ಪಿತು.
ಮತ್ತೆ ಸೊನ್ನೆಯಿಂದ.
ಅಂದಿನಿಂದ ಚಹಾದ ಹುಡುಗನಿಗೂ ಒಂದು ಕೈಮರ:
ಬಾಗಿಲಿಗೆ ಕೆಂಪು ಚಿಂದಿ ಇದ್ದರೆ ಹೊರಗೇ ನಿಲ್ಲಬೇಕು.

ಯಲ್ಲಪ್ಪ ಹಣಬರ ಮಾಸ್ತರರಿಗೆ ಎಂಬತ್ನಾಲ್ಕು.
ಎರಡೂ ಕಿವಿ ಇಲ್ಲ. ಕೈ ಮಾತ್ರ ಡ್ಯೂಟಿಯಲ್ಲಿದೆ.
ಮೋಸಂಬಿ ಗಾತ್ರದ ಉಕ್ಕಿನ ಗುಂಡನ್ನು ಅಂಗೈಯಲ್ಲಿ ಉರುಳಿಸುತ್ತ
ಕಿವುಡರ ದೊಡ್ಡ ದನಿಯಲ್ಲಿ ಹೇಳುತ್ತಿದ್ದರು:
"ಒಂಟಿ ಹಳಿ. ಈ ಕಡೆ ಒಂದು ಪೆಟ್ಟಿಗೆ, ಆ ಕಡೆ ಒಂದು.
ಒಂದು ಗುಂಡು ಹೊರಗ ಬಂತೋ, ಮುಗೀತು.
ಆ ಕಡೆಯಾಂವ ಕಾಲು ಹಿಡದರೂ ಅವನ ಪೆಟಗಿ ಬಾಯಿ ತೆರೆಯಾಂಗಿಲ್ಲ.
ನಾ ಅವನ್ನ ನಂಬೋದು ಬ್ಯಾಡ, ಅವ ನನ್ನ ನಂಬೋದು ಬ್ಯಾಡ.
ಇಬ್ಬರ ನಂಬಿಗೀನೂ ಕಬ್ಬಿಣನ ಇಟಗೊಂಡಿರತೈತಿ."

ಎಂಟು ತಿಂಗಳಾದ ಮೇಲೆ, ಕಾರ್ತಿಕದ ಒಂದು ಬೆಳಿಗ್ಗೆ,
ಶೆಡ್ಡಿನಿಂದ ಗೇಟಿನ ಕ್ಯಾಬಿನ್ನಿಗೆ ತಂತಿ ಎಳೆದು
ಹಿಡಿಕೆ ತಿರುಗಿಸಿದೆ.
ಆ ಕಡೆ ಆನ್ಸೆಲ್ಮ್ ಎತ್ತಿಕೊಂಡ. ಉಸಿರು ಕೇಳಿಸಿತು.
ಏನು ಮಾತಾಡುವುದೆಂದು ಇಬ್ಬರಿಗೂ ಹೊಳೆಯಲಿಲ್ಲ.
ನೂರಾರು ಫೋನು ಬದುಕಿಸಿದವನು ನಾನು,
"ಊಟಕ್ಕೆ ಏನು?" ಎಂದೆ.
"ಬಾಂಗಡೆ" ಎಂದಿತು ತಾಮ್ರ.

ಮಾಸ್ತರರು ನನ್ನ ತುಟಿಯನ್ನೇ ನೋಡುತ್ತಿದ್ದರು.
ಅವರ ಅಂಗೈ ಹಿಡಿದು ತೇಗದ ಪೆಟ್ಟಿಗೆಗೆ ಒತ್ತಿದೆ.
ಗಂಟೆ ಬಡಿ ಎಂದೆ ಆನ್ಸೆಲ್ಮನಿಗೆ.
ಒಂದು ಪೆಟ್ಟು.
ಅವರ ಬೆನ್ನು ನೆಟ್ಟಗಾಯಿತು.
ಉತ್ತರಕ್ಕೆ ಅವರೂ ಒತ್ತಿದರು. ಮತ್ತೆ ಅಲ್ಲಿಂದ, ಮತ್ತೆ ಇಲ್ಲಿಂದ,
ನಮಗೆ ತಿಳಿಯದ ಏನೋ ಕುಶಲ ನಡೆಯಿತು.
(ಆನ್ಸೆಲ್ಮ್ ಅತ್ತ ಕೈಪಿಡಿಯ ಹಾಳೆ ತಿರುವಿ ಬೆವರುತ್ತಿದ್ದನಂತೆ.)
ಗುಂಡು ಉರುಳಿ ಬಟ್ಟಲಿಗೆ ಬಿತ್ತು.
"ಹನ್ನೊಂದು ನಲವತ್ತೆರಡು, ಬರಕೋ."
ರಿಜಿಸ್ಟರ್ ಎಲ್ಲಿ? ಅಂಗಡಿಯ ಬಿಲ್ ಪುಸ್ತಕದಲ್ಲಿ,
"ಸ್ಕ್ರೀನ್ ಗಾರ್ಡ್, ೧೫೦" ಎಂಬುದರ ಕೆಳಗೆ ಬರೆದೆ.

ಸಂಜೆ ಬೀಗ ಹಾಕುವಾಗ ಗುಂಡು ಇರಲಿಲ್ಲ.
ಮಾಸ್ತರರು ಚೀಲಕ್ಕೆ ಹಾಕಿಕೊಂಡು
ನಾಲ್ಕರ ಬಸ್ಸಿಗೆ ಮನೆಗೆ ಹೋಗಿದ್ದರು.

ಫೋನು ಮಾಡೋಣವೆಂದ ವೆರೇಕರ. ಅವರಿಗೆ ಕೇಳಿಸುವುದಿಲ್ಲ.
ಮುಂದಿನ ವಾರ ಅವರು ಬರಲಿಲ್ಲ, ಮೊಮ್ಮಗಳ ಮದುವೆ.
ಎರಡೂ ಪೆಟ್ಟಿಗೆ ಹಟ ಹಿಡಿದಿದ್ದವು: ಹಳಿಯ ಮೇಲೆ ಯಾರೋ ಇದ್ದಾರೆ.
ಜೈತುನಬಿ ಬಾಗಿಲಾಚೆ ಇಣುಕಿ ನೋಡಿದಳು.
ಮುನ್ನೂರು ಗಜ, ನಾಚಿಕೆಮುಳ್ಳು, ಒಂದು ಎಮ್ಮೆ.
"ಗಾಡಿ ಇನ್ನೂ ಮುಟ್ಟಿಲ್ಲೇಳ್ರಿ" ಎಂದು
ಕೆಂಪು ಚಿಂದಿಯನ್ನು ಹಾಗೇ ಬಿಟ್ಟು
ಹಿತ್ತಾಳೆಗೆ ಪಾಲಿಶ್ ಹಚ್ಚತೊಡಗಿದಳು.