ದೊಡ್ಡೋರು

ಗೋಡೆಯ ಚಾರ್ಟಿನಲ್ಲಿ ಆನೆ ಗುಲಾಬಿ ಬಣ್ಣ.
ಬೂಟು ತೊಟ್ಟು, ಕೊಡೆ ಹಿಡಿದು,
ಎರಡೇ ಕಾಲ ಮೇಲೆ ನಿಂತು ನಗುತ್ತದೆ.
ಪೌಷ್ಟಿಕದ ಪ್ಯಾಕೆಟ್ಟು ಎಣಿಸುತ್ತ
ಅದಕ್ಕೊಂದು ಪದ್ಯ ಕಟ್ಟಿದೆ:

ಗುಡುಗುಡು ಆನೆ, ಗುಂಡಾನೆ,
ಬಾ ನಮ್ಮನೆಗೆ ಇವತ್ತೇನೆ!
ಕಬ್ಬೂ ಇದೆ, ಬಾಳೆಗೊನೆ ಇದೆ,
ಹಿತ್ತಿಲ ಬಾಗಿಲು ತೆರೆದೇ ಇದೆ!

ಹದಿನಾಲ್ಕು ಮಕ್ಕಳು. ಒಂದೂ ಬಾಯಿ ಬಿಡಲಿಲ್ಲ,
ಬೆಕ್ಕಿನ ಪದ್ಯಕ್ಕೆ ಚಾಪೆ ಹರಿದಿದ್ದವು ಇವೇ.
ಹಂಸಿಕಾ ಎದ್ದು ಬಂದು ಸೆರಗು ಜಗ್ಗಿದಳು:
"ಮೆತ್ಗೆ ಹೇಳಿ ಮಿಸ್.
ಕೇಳಿಸ್ಕೊಂಡ್ರೆ ಬಂದ್‌ಬಿಡ್ತಾರೆ."

ಒಲೆಯ ಮುಂದೆ ಜವರಮ್ಮ ಮೊಟ್ಟೆ ಸುಲಿಯುತ್ತ ಗೊಣಗಿದಳು:
"ಬಾಗ್ಲು ತೆಗ್ದಿದೆ ಅಂತ ಯಾರಾದ್ರೂ ಹಾಡ್ಕೊತಾರಾ?"

ನಾನು ಅರಸೀಕೆರೆ ಕಡೆಯವಳು,
ಆಲೂರಿಗೆ ಬಂದದ್ದು ಮದುವೆಯಾಗಿ.
ನನ್ನ ಆನೆ ಮಠದ್ದು: ಹಣೆಗೆ ವಿಭೂತಿ,
ರೂಪಾಯಿ ಕೊಟ್ಟರೆ ತಲೆ ಮೇಲೆ ಸೊಂಡಿಲು.
ಒದ್ದೆ ಬಿಸಿಯುಸಿರು, ಅಷ್ಟೇ ನನಗೆ ಗೊತ್ತಿದ್ದದ್ದು.

ಆಷಾಢದಲ್ಲಿ ಸೂಪರ್‌ವೈಸರ್ ಮೇಡಂ ಬಂದರು.
ಮೂರಕ್ಕೆ ಇಷ್ಟು ಪದ, ನಾಲ್ಕಕ್ಕೆ ಇಷ್ಟು,
ಕೈಯಲ್ಲಿ ಚಿತ್ರಗಳ ಕಟ್ಟು.
ಇದೇನು ಪುಟ್ಟಿ? ಕೊಡೆ.
ಇದು? ಬಸ್ಸು.
ಇದು?

ಹಂಸಿಕಾ ಕಿಟಕಿ ನೋಡಿದಳು.
ಆಚೆ ತುಳಿದ ಶುಂಠಿ ಹೊಲ, ಸೀಳಿದ ಬೈನೆ ಮರ.
"ದೊಡ್ಡೋರು," ಅಂದಳು, ತುಟಿಯಲ್ಲೇ.

ಮೇಡಂ ಪೆನ್ನು ಅಡ್ಡ ಗೀರಿತು.

ಹೇಳಬೇಕಿತ್ತು ನಾನು.
ಒಂಟಿಗೂ ಮರಿ ಇರುವ ಗುಂಪಿಗೂ ಇವಳ ಬಳಿ ಬೇರೆ ಬೇರೆ ಮಾತಿದೆ,
ಲದ್ದಿ ಬಿಸಿಯಿದ್ದರೆ ಒಂದು, ಆರಿದ್ದರೆ ಇನ್ನೊಂದು,
ಗರ್ನಾಲು ಗೊತ್ತು, ಸೈರನ್ ಗೊತ್ತು,
ಅಜ್ಜಿಯ ಫೋನಿಗೆ ರಾತ್ರಿ ಬರುವ ಮೆಸೇಜಿನ ಸದ್ದಿಗೂ
ಇವಳೇ ಇಟ್ಟ ಹೆಸರಿದೆ: ಟಿಣುಕ.
ಹೇಳಲಿಲ್ಲ. ಮೇಡಮ್ಮಿಗೆ ಚಹಾ ತಂದೆ,
ಸಕ್ಕರೆ ಸಾಕಾ ಎಂದೆ.

ಪದ್ಯ ಬಿಟ್ಟೆ. ಮಕ್ಕಳು ಬಿಡಲಿಲ್ಲ.
ಕತ್ತಲೆ ಕವಿದೊಂದು ಮಧ್ಯಾಹ್ನ, ನಿದ್ದೆಯ ಹೊತ್ತಲ್ಲಿ,
ಚಾಪೆಯಿಂದ ಚಾಪೆಗೆ ಪಿಸುಗುಟ್ಟುತ್ತ ಹರಿಯಿತು ಅವರದೇ ಒಂದು:

ದೊಡ್ಡೋರೆ ದೊಡ್ಡೋರೆ, ಅತ್ಲಾಗೆ ಹೋಗಿ,
ಅಪ್ಪ ಬರೋ ಹೊತ್ತಾಯ್ತು, ದಾರಿ ಬಿಟ್ಟೋಗಿ.

ಯಾರು ಕಟ್ಟಿದ್ದೆಂದು ಕೇಳಿದೆ.
ಎಲ್ಲರೂ ಕಣ್ಣು ಮುಚ್ಚಿ ಗೊರಕೆ ಹೊಡೆದರು.

ಮೊನ್ನೆ ನೋಡುತ್ತೇನೆ, ಚಾರ್ಟಿನ ಆನೆಯ ಬೂಟಿನ ಮೇಲೆ
ಮೊಣಕಾಲವರೆಗೂ ಕಪ್ಪು ಕ್ರೇಯಾನು,
ಕಾಗದ ಹರಿಯುವಷ್ಟು ತಿಕ್ಕಿದ್ದು.
"ಏನೇ ಇದು?"
"ಕೆಸ್ರು ಮಿಸ್. ವಾಟೆಹೊಳೆ ದಾಟ್ಕಂಡ್ ಬಂದವ್ರೆ."

ಕೆಸರು. ಹೊಸ ಪದವೇನಲ್ಲ.
ರಿಜಿಸ್ಟರು ತೆಗೆದು ಬರೆದುಕೊಂಡೆ.